ಎಣ್ಣೆ ಬೀಳುವುದು ಕೆಳಗೆ, ಸೋರುವುದು ಮೇಲೆ

ಬೆಳಿಗ್ಗೆ ಕಾರನ್ನು ಹೊರತೆಗೆದ ಮೇಲೆ ಅಂಗಳದ ಸಿಮೆಂಟಿನ ಮೇಲೆ ರೂಪಾಯಿ ಅಗಲದ ಕಪ್ಪು ಕಲೆ. ಹಳೆಯ ಮಾರುತಿ 800 ಇಟ್ಟುಕೊಂಡವರಿಗೆ ಈ ಕಲೆಯ ಪರಿಚಯ ಇದ್ದೇ ಇರುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಕಾರು ಅದು. ಅಂದರೆ ಕೊನೆಯದಾಗಿ ಹೊರಬಂದ 800 ಕೂಡ ಈಗ ಹತ್ತು ವರ್ಷ ದಾಟಿದೆ. ಮೂರು ಸಿಲಿಂಡರಿನ ಅದರ 796 ಸಿಸಿ ಎಂಜಿನ್ ಗಟ್ಟಿಮುಟ್ಟಾದದ್ದು. ಆದರೆ ಲೋಹಕ್ಕಿಂತ ಎಷ್ಟೋ ಮೊದಲು ರಬ್ಬರಿಗೆ ಮುಪ್ಪು ಬರುತ್ತದೆ. ದಿನವೂ ಕಾದು, ಆರಿ, ಮತ್ತೆ ಕಾದು, ಭಾಗಗಳು ಕೂಡುವಲ್ಲಿ ಎಣ್ಣೆ ಸೋರದಂತೆ ಹಾಕಿದ ಪ್ಯಾಕಿಂಗ್‌ಗಳೂ ಆಯಿಲ್ ಸೀಲ್‌ಗಳೂ ಗಟ್ಟಿಯಾಗಿ, ಒಣ ಹುಣಸೆ ಸಿಪ್ಪೆಯಂತೆ ಮುರಿಯುವ ಸ್ಥಿತಿಗೆ ಬರುತ್ತವೆ. ತಿಂಗಳುಗಟ್ಟಲೆ ನಿಂತೇ ಇರುವ ಕಾರಿನಲ್ಲಿ ಸೀಲ್‌ಗಳು ಇನ್ನೂ ಬೇಗ ಒಣಗುತ್ತವೆ.

ನಮ್ಮ ಮನೆಯ 800ಕ್ಕೆ ಒಂದೇ ವರ್ಷದಲ್ಲಿ ಎರಡು ಸಲ ಚೇಂಬರ್ (ಎಂಜಿನಿನ ತಳದ ಎಣ್ಣೆ ತಟ್ಟೆ) ಪ್ಯಾಕಿಂಗ್ ಹಾಕಿಸಿದ್ದೆವು. ಎಣ್ಣೆ ಚೇಂಬರಿನ ಅಂಚಿನಿಂದ ತೊಟ್ಟಿಕ್ಕುತ್ತಿದ್ದುದು ನಿಜ. ಆದರೆ ಅದು ಹೊರಡುತ್ತಿದ್ದುದು ಒಂದೂವರೆ ಅಡಿ ಮೇಲೆ, ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಬುಡದಲ್ಲಿದ್ದ ಬಳೆಯಂಥ ಸಣ್ಣ ರಬ್ಬರ್ ರಿಂಗಿನಿಂದ. ಚೇಂಬರ್ ಬಿಚ್ಚಿ ಕಟ್ಟಿದ ಕೂಲಿಯ ಮುಂದೆ ಆ ರಿಂಗಿನ ಬೆಲೆ ಏನೂ ಅಲ್ಲ. ಆಮೇಲೆ ನಾನು ಒಂದು ನಿಯಮವನ್ನು ಬಿಗಿಯಾಗಿ ಪಾಲಿಸುತ್ತಾ ಬಂದಿದ್ದೇನೆ: ಮೂಲ ಕಣ್ಣಿಗೆ ಬೀಳುವವರೆಗೆ ಸ್ಪ್ಯಾನರ್ ಮುಟ್ಟುವುದಿಲ್ಲ, ಬಿಡಿಭಾಗ ಕೊಳ್ಳುವುದಿಲ್ಲ.

ಮೊದಲು ಡಿಪ್‌ಸ್ಟಿಕ್

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದು ಹತ್ತು ನಿಮಿಷ ಬಿಡಿ. ಎಣ್ಣೆಯ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಹೊರತೆಗೆದು ಒರೆಸಿ, ಪೂರ್ತಿ ಒಳಗಿಳಿಸಿ ಮತ್ತೆ ತೆಗೆದು ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿನ ಗುರುತಿಗಿಂತ ಇಳಿದಿದ್ದರೆ ಮೊದಲು ತುಂಬಿಸಿ, ಸೋರಿಕೆಯ ಮಾತು ಆಮೇಲೆ. ಮೇಲಿನ ಗುರುತನ್ನು ಮೀರಿದ್ದರೂ ತೊಂದರೆಯೇ; ಹೆಚ್ಚಾದ ಎಣ್ಣೆ ನೊರೆಗಟ್ಟುತ್ತದೆ, ಸೀಲ್‌ಗಳ ಮೇಲೆ ಒತ್ತಡ ಬೀಳುತ್ತದೆ.

ಓಡುತ್ತಿರುವಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಎಣ್ಣೆ ದೀಪ ಹೊತ್ತಿಕೊಂಡರೆ ಅಲ್ಲೇ ರಸ್ತೆಯ ಬದಿಗೆ ತಂದು ಎಂಜಿನ್ ಆರಿಸಲೇಬೇಕು. ಆ ದೀಪ ತೋರಿಸುವುದು ಎಣ್ಣೆಯ ಒತ್ತಡವನ್ನು. ಎಣ್ಣೆ ಸ್ವಲ್ಪ ಕಡಿಮೆಯಾದಾಗ ಅದು ಎಚ್ಚರಿಸುವುದಿಲ್ಲ, ಬೇರಿಂಗ್‌ಗಳಿಗೆ ಎಣ್ಣೆ ತಲುಪುವುದೇ ಕಷ್ಟವಾದಾಗ ಹೊತ್ತಿಕೊಳ್ಳುತ್ತದೆ. ‘ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣ’ ಎಂದು ಹೊರಟವರು ಎಂಜಿನ್ ಬಿಚ್ಚಿಸಬೇಕಾಗಿ ಬಂದದ್ದನ್ನು ನಾನು ಕಂಡಿದ್ದೇನೆ. ಟೋ ಮಾಡಿಸುವ ಖರ್ಚು ಅದಕ್ಕಿಂತ ಎಷ್ಟೋ ಕಡಿಮೆ.

ರಟ್ಟಿನ ಪರೀಕ್ಷೆ

ಫ್ರಿಜ್ಜೋ ಟೀವಿಯೋ ಬಂದ ಪೆಟ್ಟಿಗೆಯ ರಟ್ಟೊಂದನ್ನು ಬಿಡಿಸಿ ರಾತ್ರಿ ಎಂಜಿನಿನ ಅಡಿಗೆ ಹಾಸಿ. ಮುಂದಿನ ಚಕ್ರಗಳು ನಿಂತ ಜಾಗವನ್ನು ರಟ್ಟಿನ ಮೇಲೆ ಗುರುತು ಮಾಡಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ, ಯಾವ ಬಣ್ಣದ್ದು ಎಂದು ನೋಡಿ. ಕಂದು ಅಥವಾ ಕಪ್ಪಾಗಿ ಬೆರಳಿಗೆ ಜಾರಿದರೆ ಎಂಜಿನ್ ಆಯಿಲ್. ದಪ್ಪಗಿದ್ದು ಗಂಧಕದಂಥ ಘಾಟು ವಾಸನೆ ಬಂದರೆ ಗೇರ್ ಆಯಿಲ್. ಹಸಿರೋ ಕೆಂಪೋ ಆಗಿದ್ದು ನೀರಿನಂತೆ ತೆಳ್ಳಗಿದ್ದರೆ ಕೂಲಂಟ್. ಚಕ್ರದ ಒಳಬದಿಯಲ್ಲಿ ತಿಳಿಹಳದಿ ದ್ರವ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಆಗ ಕಾರನ್ನು ಓಡಿಸದೆ ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.

ರಟ್ಟು ಒಣಗಿಯೇ ಇದ್ದು ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮಾತ್ರ ಇಳಿಯುತ್ತಿದ್ದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಸೈಲೆನ್ಸರಿನ ಹೊಗೆ ನೋಡಿ. ನೀಲಿ ಹೊಗೆ ಬಂದರೆ ಎಣ್ಣೆ ಒಳಗೇ ಉರಿಯುತ್ತಿದೆ ಎಂದರ್ಥ. ಅದಕ್ಕೆ ಪ್ಯಾಕಿಂಗ್ ಮದ್ದಲ್ಲ.

ತೊಳೆದು, ಪೌಡರ್ ಹಾಕಿ

ವರ್ಷಗಟ್ಟಲೆ ಎಣ್ಣೆಯೂ ಧೂಳೂ ಸೇರಿ ಹಿಟ್ಟಿನಂತೆ ಮೆತ್ತಿಕೊಂಡಿರುವ ಎಂಜಿನಿನಲ್ಲಿ ಮೂಲ ಹುಡುಕುವುದು ಸಾಧ್ಯವಿಲ್ಲ. ಆದ್ದರಿಂದ ತೊಳೆಯುವುದು ಅಲಂಕಾರಕ್ಕೆ ಮಾಡುವ ಕೆಲಸವಲ್ಲ, ಹುಡುಕಾಟದ ಮೊದಲ ಹೆಜ್ಜೆ. ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್, ಏರ್ ಫಿಲ್ಟರಿನ ಬಾಯಿ ಇವುಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಎಂಜಿನ್ ತೊಳೆಯುವ ಡಿಗ್ರೀಸರ್ ಹಚ್ಚಿ ಹಳೆಯ ಬ್ರಷ್ಷಿನಿಂದ ಉಜ್ಜಿ, ಸಾಬೂನು ನೀರಿನಿಂದ ತೆಗೆಯಿರಿ. ಜೋರಾಗಿ ನೀರು ಹಾಯಿಸುವುದು ಬೇಡ. ಪೆಟ್ರೋಲಿನಿಂದ ತೊಳೆಯುವ ಅಭ್ಯಾಸ ಇನ್ನೂ ಕೆಲವರಿಗಿದೆ. ಒಂದು ಕಿಡಿ ಸಾಕು, ದಯವಿಟ್ಟು ಬೇಡ.

ಚೆನ್ನಾಗಿ ಒಣಗಿದ ಮೇಲೆ ಅನುಮಾನವಿರುವ ಜಾಗಗಳಿಗೆ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ. ಬೆಲ್ಟಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಕಟ್ಟಿದ ಚೀಲಗಳನ್ನು ತೆಗೆದು, ಬ್ಯಾಟರಿ ತಂತಿ ಮತ್ತೆ ಜೋಡಿಸಿ, ಹದಿನೈದು ಇಪ್ಪತ್ತು ನಿಮಿಷ ಕಾರು ಓಡಿಸಿ ಬಂದು, ಬಾನೆಟ್ ಎತ್ತಿ ಟಾರ್ಚ್ ಹಿಡಿಯಿರಿ. ಬಿಳಿ ಪೌಡರಿನ ಮೇಲೆ ಎಣ್ಣೆ ಹರಿದ ಗೆರೆ ಸ್ಪಷ್ಟವಾಗಿ ಮೂಡಿರುತ್ತದೆ. ಆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿ. ಎಣ್ಣೆ ಕೆಳಗಿಳಿಯುತ್ತದೆ, ಓಡುವ ಕಾರಿನ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ. ಒಂದು ದಿನದಲ್ಲಿ ಸಿಗದಿದ್ದರೆ ಮೂರು ದಿನ ನೋಡಿ. ಅವಸರ ಮಾಡಿದಷ್ಟೂ ಖರ್ಚು ಹೆಚ್ಚು.

ಎಲ್ಲಿಂದ ಸೋರಬಹುದು?

ಹಳೆಯ 800ರಲ್ಲಿ ನಾನು ಮೊದಲು ನೋಡುವುದು ಎಂಜಿನಿನ ನೆತ್ತಿಯ ಮೇಲಿನ ಟ್ಯಾಪೆಟ್ ಕವರಿನ ಅಂಚು. ಓಡಿಸಿ ನಿಲ್ಲಿಸಿದಾಗ ಬಾನೆಟ್ ಸಂದಿನಿಂದ ಸುಟ್ಟೆಣ್ಣೆಯ ವಾಸನೆ ಬಂದರೆ ಎಣ್ಣೆ ಸೋರಿ ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬೀಳುತ್ತಿರಬಹುದು. ಅದನ್ನು ಮುಂದೂಡಬೇಡಿ, ಬೆಂಕಿಯ ಅಪಾಯವಿದೆ. ಆಮೇಲೆ ಡಿಸ್ಟ್ರಿಬ್ಯೂಟರಿನ ಬುಡ, ಕೆಂಪು ದೀಪ ಹೊತ್ತಿಸುವ ಆಯಿಲ್ ಪ್ರೆಷರ್ ಸ್ವಿಚ್ಚು, ಆಯಿಲ್ ಫಿಲ್ಟರ್, ಕೊನೆಗೆ ಹಳೆ ಎಣ್ಣೆ ಇಳಿಸುವ ಡ್ರೈನ್ ನಟ್ಟು.

ಫಿಲ್ಟರ್ ಬದಲಾಯಿಸಿದ ಮಾರನೆಯ ದಿನವೇ ಸೋರಿಕೆ ಶುರುವಾದರೆ ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನಿಗೇ ಅಂಟಿಕೊಂಡು, ಅದರ ಮೇಲೆಯೇ ಹೊಸದು ಕೂತಿರಬಹುದು. ಹೊಸ ಫಿಲ್ಟರಿನ ರಿಂಗಿಗೆ ಬೆರಳಿನಿಂದ ಎಣ್ಣೆ ಸವರಿ ಕೈಯಲ್ಲೇ ತಿರುಗಿಸಿ. ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು. ಡ್ರೈನ್ ನಟ್ಟಿನ ವಾಷರನ್ನು ಪ್ರತಿ ಸಲ ಎಣ್ಣೆ ಬದಲಿಸುವಾಗಲೂ ಹೊಸದು ಹಾಕಿಸಿ.

ಟ್ಯಾಪೆಟ್ ಕವರ್ ಪ್ಯಾಕಿಂಗ್ ಹಾಕುವುದು

ಇದನ್ನು ಮನೆಯಲ್ಲೇ ಮಾಡಬಹುದು. ಆದರೆ ಅದಕ್ಕೂ ಮೊದಲು ಬ್ರೀದರ್ ಪೈಪನ್ನು ಪರೀಕ್ಷಿಸಿ. ಎಂಜಿನಿನೊಳಗೆ ಸೇರುವ ಗಾಳಿ ಹೊರಹೋಗುವ ದಾರಿ ಅದು. ಮಡ್ಡಿ ಕಟ್ಟಿ ಮುಚ್ಚಿಕೊಂಡರೆ ಒಳಗಿನ ಒತ್ತಡ ಎಣ್ಣೆಯನ್ನು ಸಿಕ್ಕ ಸಂದಿನಿಂದೆಲ್ಲ ಹೊರಗೆ ದೂಡುತ್ತದೆ, ಹೊಸ ಪ್ಯಾಕಿಂಗೂ ತಿಂಗಳಲ್ಲಿ ಸೋರುತ್ತದೆ. ಪೈಪನ್ನು ಬಿಚ್ಚಿ ತೊಳೆಯಿರಿ, ಬಿರುಕಿದ್ದರೆ ಬದಲಾಯಿಸಿ. ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ತೆರೆದು ನೋಡುವುದೂ ಒಳ್ಳೆಯದು. ಸಣ್ಣಗೆ ಉಸಿರಾಡಿದಂತೆ ಗಾಳಿ ಬಂದರೆ ಸರಿ. ಭುಸುಭುಸು ಎಂದು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು.

ಎಂಜಿನ್ ತಣ್ಣಗಿರುವಾಗ ಏರ್ ಫಿಲ್ಟರ್ ಪೆಟ್ಟಿಗೆ ಮತ್ತು ಅಡ್ಡಬರುವ ಪೈಪುಗಳನ್ನು ತೆಗೆಯಿರಿ. ಪ್ಲಗ್ ವೈರುಗಳನ್ನು ಬಿಚ್ಚಬೇಕಾದರೆ ಒಂದು, ಎರಡು, ಮೂರು ಎಂದು ಟೇಪ್ ಅಂಟಿಸಿ ಬರೆದುಕೊಳ್ಳಿ. ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದರೆ ಇನ್ನೂ ಒಳ್ಳೆಯದು. ಬೋಲ್ಟುಗಳನ್ನು ತೆಗೆದ ಮೇಲೆ ಕವರ್ ಅಂಟಿಕೊಂಡಿದ್ದರೆ ಮರದ ಹಿಡಿಯಿಂದ ಬದಿಗೆ ಮೆಲ್ಲನೆ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಕವರಿನ ಕೆಳಗಿರುವ ಎಂಜಿನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಮ್‌ನದು, ಒಂದು ಗೀರು ಬಿದ್ದರೆ ಅದೇ ಹೊಸ ಸೋರಿಕೆಗೆ ದಾರಿ.

ಹಳೆಯ ಪ್ಯಾಕಿಂಗಿನ ಚೂರುಗಳನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆದು ತೆಗೆಯಿರಿ. ಒಳಗೆ ಕಸ ಬೀಳದಂತೆ ಶುಭ್ರವಾದ ಬಟ್ಟೆ ಹಾಸಿ, ಕೆಲಸ ಮುಗಿದ ಕೂಡಲೇ ಅದನ್ನು ಮರೆಯದೆ ತೆಗೆಯಿರಿ. ಎರಡೂ ಮೈಗಳು ಎಣ್ಣೆಯ ಪಸೆಯಿಲ್ಲದೆ ಒಣಗಿರಬೇಕು. ಹೊಸ ಪ್ಯಾಕಿಂಗನ್ನು ಕವರಿನ ತೋಡಿನಲ್ಲಿ ಸುತ್ತಲೂ ಸರಿಯಾಗಿ ಕೂರಿಸಿ. ಅನಬಾಂಡ್‌ನಂಥ ಸೀಲಂಟ್ ಬೇಕಾಗುವುದು ಮೂಲೆಗಳಲ್ಲಿ ಮಾತ್ರ, ಅದೂ ಅಕ್ಕಿಕಾಳಿನಷ್ಟು. ಸುತ್ತಲೂ ಬಳಿದರೆ ಒಳಗೆ ಉಕ್ಕಿದ ಅಂಟು ಚೂರಾಗಿ ಬಿದ್ದು ಎಣ್ಣೆಯ ದಾರಿಗೇ ಅಡ್ಡ ಬರಬಹುದು.

ಬೋಲ್ಟುಗಳನ್ನು ಎದುರುಬದುರಾಗಿ ಸರದಿಯಲ್ಲಿ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿ. ಇಲ್ಲಿ ಬಲ ತೋರಿಸುವುದೇ ದೊಡ್ಡ ತಪ್ಪು. ಅತಿಯಾಗಿ ಬಿಗಿದರೆ ಪ್ಯಾಕಿಂಗ್ ಹಿಂಡಿಹೋಗುತ್ತದೆ, ತಗಡಿನ ಕವರ್ ಸೊಟ್ಟಗಾಗುತ್ತದೆ. ಮುಂದೆ ಎಷ್ಟು ಪ್ಯಾಕಿಂಗ್ ಹಾಕಿದರೂ ಅದು ನಿಲ್ಲುವುದಿಲ್ಲ.

ಡಿಸ್ಟ್ರಿಬ್ಯೂಟರಿನ ರಿಂಗ್ ಬದಲಿಸುವುದಾದರೆ ಬಿಚ್ಚುವ ಮೊದಲು ಅದರ ಮೈಗೂ ಹೆಡ್ಡಿಗೂ ಅಡ್ಡವಾಗಿ ಒಂದು ಗುರುತು ಗೀರಿ, ಒಳಗೆ ತಿರುಗುವ ರೋಟರ್ ಯಾವ ಕಡೆಗೆ ಮುಖಮಾಡಿದೆ ಎಂಬುದನ್ನೂ ಬರೆದುಕೊಳ್ಳಿ. ಕೊಂಚ ತಿರುಗಿ ಕೂತರೂ ಟೈಮಿಂಗ್, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು, ತಪ್ಪುತ್ತದೆ.

ಗ್ಯಾರೇಜಿಗೆ ಬಿಡಬೇಕಾದ ಕೆಲಸ

ಟೈಮಿಂಗ್ ಬೆಲ್ಟಿನ ಬದಿಯಲ್ಲಿ ಎಣ್ಣೆ ಕಂಡರೆ ಅಲ್ಲಿ ಹೊರಚಾಚುವ ತಿರುಗುವ ದಂಡಗಳ ಸೀಲ್, ಅಂದರೆ ಕ್ಯಾಮ್ ಸೀಲ್ ಅಥವಾ ಮುಂದಿನ ಕ್ರ್ಯಾಂಕ್ ಸೀಲ್ ಹೋಗಿರಬಹುದು. ಎಣ್ಣೆ ಬೆಲ್ಟಿನ ರಬ್ಬರನ್ನು ಹಾಳುಮಾಡುತ್ತದೆ, ಹಾಗಾಗಿ ಸೀಲ್ ಜೊತೆಗೆ ಬೆಲ್ಟನ್ನೂ ಬದಲಾಯಿಸುವಂತೆ ಹೇಳಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಿಂದ ಹನಿ ಬೀಳುತ್ತಿದ್ದರೆ ಹಿಂದಿನ ಕ್ರ್ಯಾಂಕ್ ಸೀಲ್ ಮೇಲೆ ಅನುಮಾನ. ಸೀಲ್ ಅಗ್ಗದ್ದು, ಆದರೆ ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಪ್ಲೇಟ್ ಸವೆದಿದ್ದರೆ ಅದನ್ನೂ ಅದೇ ಕೂಲಿಯಲ್ಲಿ ಮುಗಿಸಿಕೊಳ್ಳಿ.

ಸೋರಿಕೆ ನಿಲ್ಲಿಸುತ್ತದೆಂದು ಮಾರುವ ದ್ರಾವಣಗಳು ಗಟ್ಟಿಯಾದ ರಬ್ಬರನ್ನು ಸ್ವಲ್ಪ ಉಬ್ಬಿಸುತ್ತವೆ, ಕೆಲವು ದಿನ ಹನಿ ಕಡಿಮೆಯಾಗಬಹುದು. ಹರಿದ ಸೀಲನ್ನು ಅವು ಕೂಡಿಸಲಾರವು. ಕೈಪಿಡಿ ಹೇಳಿದ್ದಕ್ಕಿಂತ ಗಟ್ಟಿ ಎಣ್ಣೆ ಹಾಕುವ ಉಪಾಯವನ್ನೂ ನಾನು ಒಪ್ಪುವುದಿಲ್ಲ. ಬೆಳಗಿನ ತಂಪಿನಲ್ಲಿ ಅದು ಎಂಜಿನಿನ ನೆತ್ತಿ ತಲುಪಲು ತಡವಾಗುತ್ತದೆ.

ಯಾವ ಕೆಲಸಕ್ಕೇ ಆಗಲಿ, ಬರೀ ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ ತೂರಬೇಡಿ. ಇಟ್ಟಿಗೆ, ಜಂಬಿಟ್ಟಿಗೆ, ಸಿಮೆಂಟ್ ಬ್ಲಾಕು ಯಾವುದನ್ನೂ ನಂಬಬೇಡಿ. ಭಾರಕ್ಕೆ ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಕಬ್ಬಿಣದ ಜಾಕಿ ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿನ ರ‍್ಯಾಂಪೇ ಗತಿ.

ದುರಸ್ತಿಯಾದ ಮೇಲೆ ಹೊಸ ರಟ್ಟು ಹಾಸಿ, ದಿನಾಂಕವನ್ನೂ ಮೀಟರಿನ ಕಿಲೋಮೀಟರನ್ನೂ ಅದರ ಮೇಲೇ ಬರೆದಿಡಿ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೂ ತೋಟದ ಬದುವಿಗೂ ಸುರಿಯಬೇಡಿ. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವ ರೂಢಿ ನಮ್ಮ ಕಡೆ ಇದೆ. ಆದರೆ ಅದು ಮಳೆಯಲ್ಲಿ ತೊಳೆದು ಸೇರುವುದು ಅದೇ ತೋಟದ ಬಾವಿಗೆ. ಖಾಲಿ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿದು, ಹಳೆ ಎಣ್ಣೆಯನ್ನು ಮರುಸಂಸ್ಕರಣೆಗೆ ಕಳಿಸುವ ಗ್ಯಾರೇಜಿಗೆ ಕೊಟ್ಟುಬಿಡಿ.