ಓಮ್ ಲೆಕ್ಕಕ್ಕೆ ಮೊದಲು ಪ್ರೋಬ್ ಎಲ್ಲಿಡುತ್ತೇನೆ

ಲೆಕ್ಕ ಸುಲಭ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಪವರ್. ಉತ್ತರ ಕೆಡುವುದು ಹೆಚ್ಚಾಗಿ ಪ್ರೋಬ್ ಇಟ್ಟ ಜಾಗದಿಂದ.

10 ಓಮ್, 5% ಟಾಲರೆನ್ಸಿನ (ಬರೆದ ಬೆಲೆಗಿಂತ 5% ಹೆಚ್ಚುಕಡಿಮೆ ಇರಬಹುದಾದ) ವೈರ್‌ವೂಂಡ್ ರೆಸಿಸ್ಟರನ್ನು 12 ವೋಲ್ಟ್ ಬ್ಯಾಟರಿಗೆ ಜೋಡಿಸಿ ನೋಡುವಾಗ ಎರಡು ಮಲ್ಟಿಮೀಟರ್ ಹಿಡಿಯುತ್ತೇನೆ. ಒಂದು 10 ಆಂಪಿಯರ್ ಸಾಕೆಟ್ಟಿನಲ್ಲಿ, ಸರಣಿಯಲ್ಲಿ. ಇನ್ನೊಂದರ ಪ್ರೋಬುಗಳು ರೆಸಿಸ್ಟರಿನ ಕಾಲುಗಳ ಮೇಲೆಯೇ. ಎರಡನ್ನೂ ಒಟ್ಟಿಗೇ ಓದಬೇಕು. ಲೋಡ್ ಬಿದ್ದೊಡನೆ ಬ್ಯಾಟರಿ ಇಳಿಯುವುದರಿಂದ, ಮೊದಲು ವೋಲ್ಟೇಜ್ ಬರೆದುಕೊಂಡು ಆಮೇಲೆ ಕರೆಂಟ್ ಅಳೆದರೆ ಎರಡಕ್ಕೂ ತಾಳೆಯಾಗದು.

ಕಾಲುಗಳ ಮೇಲೆ 11.84 ವೋಲ್ಟ್, ಕರೆಂಟ್ 1.16 ಆಂಪಿಯರ್ ಬಂತೆನ್ನಿ. ರೋಧ 10.2 ಓಮ್, ಟಾಲರೆನ್ಸಿನೊಳಗೇ ಇದೆ. ಅದೇ ಗಳಿಗೆಯಲ್ಲಿ ಬ್ಯಾಟರಿ ಟರ್ಮಿನಲ್‌ನಲ್ಲಿ 12.31 ವೋಲ್ಟ್ ಇದ್ದು ಅದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ 10.6 ಓಮ್ ಬರುತ್ತದೆ, ಒಳ್ಳೆಯ ರೆಸಿಸ್ಟರ್ ಕೆಟ್ಟದ್ದೆನಿಸುತ್ತದೆ. ನಡುವಿನ 0.47 ವೋಲ್ಟನ್ನು ತಿಂದದ್ದು ವೈರು, ಕ್ಲಿಪ್ಪು ಮತ್ತು ಮೀಟರಿನ ಷಂಟ್ (ಕರೆಂಟ್ ಅಳೆಯಲು ಅದರೊಳಗಿರುವ ಸಣ್ಣ ರೋಧ). ಮೂರೂ ಸೇರಿ ಸುಮಾರು 0.4 ಓಮ್. ಇನ್ನು ಪವರ್ 13.7 ವ್ಯಾಟ್. ರೇಟಿಂಗಿನ ಸುಮಾರು ಅರ್ಧದಷ್ಟೇ ಹೊರೆ ಹಾಕುವುದು ನನ್ನ ರೂಢಿಯಾದ್ದರಿಂದ ಇಲ್ಲಿ 25 ವ್ಯಾಟಿಗಿಂತ ಕೆಳಗಿನದನ್ನು ಮುಟ್ಟುವುದಿಲ್ಲ.

ರೋಧ ದೊಡ್ಡದಾದರೆ ಜೋಡಣೆ ತಿರುವುಮುರುವು. 1 ಮೆಗಾಓಮ್ ರೆಸಿಸ್ಟರಿನ ಮೇಲೆ 10 ಮೆಗಾಓಮ್ ಒಳರೋಧದ ವೋಲ್ಟ್‌ಮೀಟರ್ ಕೂತರೆ ಅದರ ಕರೆಂಟೂ ಆಂಪಿಯರ್ ಮೀಟರಿನ ಮೂಲಕವೇ ಹಾಯ್ದು, ಉತ್ತರ 0.91 ಮೆಗಾಓಮಿಗೆ ಇಳಿಯುತ್ತದೆ. ಆಗ ವೋಲ್ಟ್‌ಮೀಟರನ್ನು ಸಪ್ಲೈ ಕಡೆಗೆ ಸರಿಸುತ್ತೇನೆ. ಷಂಟಿನ ರೋಧ ಲೆಕ್ಕದೊಳಗೆ ಸೇರುತ್ತದೆ ನಿಜ, ಆದರೆ ಮೆಗಾಓಮಿನ ಮುಂದೆ ಅದು ಲೆಕ್ಕಕ್ಕಿಲ್ಲ.

ಕರೆಂಟ್ ಅಳೆದಾದ ಮೇಲೆ ಕೆಂಪು ಪ್ರೋಬನ್ನು ವೋಲ್ಟ್ ಸಾಕೆಟ್ಟಿಗೆ ಮರಳಿಸದೆ ಬ್ಯಾಟರಿಗೆ ತಗಲಿಸಿದರೆ ನೇರ ಶಾರ್ಟ್. ಮಿಲಿಆಂಪಿಯರ್ ರೇಂಜ್ ಸುಮ್ಮನೆ ಸೊನ್ನೆ ತೋರಿಸುತ್ತಿದ್ದರೆ ಮೊದಲು ಮೀಟರಿನೊಳಗಿನ ಫ್ಯೂಸ್ ನೋಡಿ.

ಫಿಲಮೆಂಟ್ ಬಲ್ಬಿಗೆ ಓಮ್‌ಮೀಟರಿನ ಮಾತು ನಂಬಬೇಡಿ. 12 ವೋಲ್ಟ್, 21 ವ್ಯಾಟ್ ಬಲ್ಬ್ ಉರಿಯುವಾಗ 1.75 ಆಂಪಿಯರ್ ಎಳೆಯುತ್ತದೆ, ಅಂದರೆ 6.9 ಓಮ್. ತಣ್ಣಗಿದ್ದಾಗ 1 ಓಮಿಗೂ ಕಡಿಮೆ. ಆ ತಣ್ಣನೆಯ ಅಂಕಿಯಿಂದ ಪವರ್ ಕಂಡುಹಿಡಿದರೆ 144 ವ್ಯಾಟ್ ದಾಟುತ್ತದೆ! ಸ್ವಿಚ್ ಹಾಕಿದ ಕ್ಷಣದಲ್ಲಿ ಬಿಗಿಯಾಗಿ ಆರಿಸಿದ ಫ್ಯೂಸ್ ಹಾರುವುದೂ ಇದರಿಂದಲೇ. ಎಲ್ಇಡಿಗಂತೂ ಒಂದು ಬಿಂದುವಿನ ಭಾಗಾಕಾರದಿಂದ ಸಿಕ್ಕ ಓಮ್ ಬೇರೆ ಕರೆಂಟಿಗೆ ಅನ್ವಯಿಸದು. ಗುಣಾಕಾರದ ವ್ಯಾಟ್ ಮಾತ್ರ ಸರಿ.

ಎಸಿಯಲ್ಲಿ ಹೀಟರಿಗೆ ಇದೇ ಲೆಕ್ಕ ನಡೆಯುತ್ತದೆ: 230 ವೋಲ್ಟ್, 1000 ವ್ಯಾಟ್ ಎಂದರೆ ಸುಮಾರು 53 ಓಮ್. ಸಪ್ಲೈ 210ಕ್ಕೆ ಇಳಿದರೆ ಪವರ್ ಸುಮಾರು 834 ವ್ಯಾಟ್, ಏಕೆಂದರೆ ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಮೋಟರಿನಲ್ಲಿ ಹಾಗಲ್ಲ. 230 ವೋಲ್ಟ್, 0.35 ಆಂಪಿಯರ್ ಗುಣಿಸಿದರೆ ಸಿಗುವುದು 80.5 ವೋಲ್ಟ್-ಆಂಪಿಯರ್; ಪವರ್ ಫ್ಯಾಕ್ಟರ್ (ಅದರಲ್ಲಿ ನಿಜವಾದ ಪವರಿನ ಪಾಲು) 0.9 ಇದ್ದರೆ ವ್ಯಾಟ್ ಸುಮಾರು 72 ಮಾತ್ರ. ಅಲ್ಲಿ ನಾನು ಎರಡು ಮೀಟರ್ ಬಿಟ್ಟು ವ್ಯಾಟ್‌ಮೀಟರ್ ಹಾಕುತ್ತೇನೆ.