ಮರದ ನೆರಳಿನ ಕಾಫಿಪುಡಿಗೆ ಎಷ್ಟು ಹೆಚ್ಚು ಕೇಳಬಹುದು? ಸಂತೆಯಲ್ಲೇ ತಿಳಿಯಿರಿ

ಅತ್ತಿ, ಹಲಸು, ನಂದಿ ಮರಗಳನ್ನು ಉಳಿಸಿಕೊಂಡೇ ಕಾಫಿ ಬೆಳೆಯುವವರು ಕೊಡಗಿನಲ್ಲಿ ಇನ್ನೂ ಇದ್ದಾರೆ. ನೆರಳಿಗೆ ಸಿಲ್ವರ್ ಓಕ್ ಹಾಕಿದವರಿಗೆ ಮರ ಮಾರಿದರೂ ಹಣ. ಕಾಡುಮರ ಉಳಿಸಿದವರಿಗೆ ಪುಡಿಯ ಬೆಲೆಯಲ್ಲಾದರೂ ನಾಲ್ಕು ಕಾಸು ಹೆಚ್ಚು ಸಿಗಬೇಕು. ಎಷ್ಟು?

ಬಾಯಿಮಾತಲ್ಲಿ ಕೇಳಬೇಡಿ. "ಪರಿಸರಕ್ಕೆ ಒಳ್ಳೇದಾದ್ರೆ ಖಂಡಿತ ಕೊಡ್ತೀವಿ" ಎಂದೇ ಎಲ್ಲರೂ ಹೇಳುತ್ತಾರೆ. ಅದನ್ನು ನಂಬಿ ನಾನು ಕಟ್ಟಿಸಿದ ಪೊಟ್ಟಣಗಳಲ್ಲಿ ಅರ್ಧ ಮನೆಯಲ್ಲೇ ಉಳಿದವು. ಬೆಕರ್, ಡಿಗ್ರೂಟ್, ಮಾರ್ಷಾಕ್ ಎಂಬ ಮೂವರು ಸಂಶೋಧಕರು 1964ರಲ್ಲಿ ವಿವರಿಸಿದ ಉಪಾಯ ಇದಕ್ಕಿಂತ ಎಷ್ಟೋ ಮೇಲು.

ಮೊದಲು ಸಾಮಾನ್ಯ ಪುಡಿ, ಕಾಡುಮರದ ನೆರಳಿನ ಪುಡಿ ಎರಡನ್ನೂ ಒಂದೇ ತೂಕ, ಒಂದೇ ಹುರಿತ, ಒಂದೇ ಪೊಟ್ಟಣದಲ್ಲಿ ಕಟ್ಟಿ. ವ್ಯತ್ಯಾಸ ನೆರಳಿನದ್ದು ಮಾತ್ರ ಇರಲಿ. ಚಿಕೋರಿ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಲೆಕ್ಕ ಕೆಟ್ಟಿತು.

ಗಿರಾಕಿ ಸಾಮಾನ್ಯ ಪುಡಿಯನ್ನು ಮಾಮೂಲಿ ಬೆಲೆಗೆ ಕೊಳ್ಳಲಿ. ಆಮೇಲೆ, "ಇದನ್ನು ಕೊಟ್ಟು ನೆರಳಿನ ಪುಡಿಗೆ ಬದಲಿಸಿಕೊಳ್ಳಲು ಹೆಚ್ಚೆಂದರೆ ಎಷ್ಟು ಸೇರಿಸುತ್ತೀರಿ?" ಎಂದು ಕೇಳಿ ಬರೆದುಕೊಳ್ಳಿ. ಡಬ್ಬಿಯಲ್ಲಿ 0, 10, 20 ಹೀಗೆ 80 ರೂಪಾಯಿವರೆಗಿನ ಚೀಟಿಗಳಿರಲಿ. ಅವರೇ ಒಂದನ್ನು ಎತ್ತಲಿ. ಚೀಟಿಯ ಮೊತ್ತ ಅವರು ಹೇಳಿದಷ್ಟೇ ಅಥವಾ ಕಡಿಮೆ ಇದ್ದರೆ, ಚೀಟಿಯಲ್ಲಿದ್ದಷ್ಟು ಕೊಟ್ಟು ಬದಲಿಸಿಕೊಳ್ಳಬೇಕು. ಹೆಚ್ಚಿದ್ದರೆ ಹಳೆಯ ಪೊಟ್ಟಣವೇ ಗತಿ. ಜಾಸ್ತಿ ಹೇಳಿದರೆ ಮನಸ್ಸಿಲ್ಲದ ಬೆಲೆ ತೆರಬೇಕಾದೀತು, ಕಡಿಮೆ ಹೇಳಿದರೆ ಬೇಕಾದದ್ದು ಕೈತಪ್ಪೀತು. ಹಾಗಾಗಿ ನಿಜ ಹೇಳುವುದೇ ಲಾಭ. ಇದು ತಲೆಗೆ ಹೋಗಲೆಂದು ಮೊದಲು ಬಾಳೆಹಣ್ಣಿನಲ್ಲಿ ಒಂದು ಸಲ ಆಡಿಸಿ.

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಅಜ್ಜಿಯೊಬ್ಬರು "ನಲವತ್ತು" ಅಂದರು. ಡಬ್ಬಿಗೆ ಕೈ ಹಾಕುವ ಮೊದಲು ಸೊಂಟದ ಚೀಲ ಬಿಚ್ಚಿ ನೋಟು ಎಣಿಸಿ, "ಬೇಡ ಮಗ, ಇಪ್ಪತ್ತು ಬರ್ಕೋ" ಎಂದರು. ನಮಗೆ ಬೇಕಾದದ್ದು ಆ ಇಪ್ಪತ್ತು. ರಾಜಾಸೀಟಿನ ಪ್ರವಾಸಿಗರ ಲೆಕ್ಕವನ್ನು ಬೇರೆಯೇ ಇಡಿ.

ಸರಾಸರಿ ತೆಗೆಯಬೇಡಿ. ಪ್ರತಿ ಮೊತ್ತಕ್ಕೂ ಅಷ್ಟು ಅಥವಾ ಹೆಚ್ಚು ಹೇಳಿದವರು ಎಷ್ಟು ಜನ ಎಂದು ಎಣಿಸಿ, ಆ ಮೊತ್ತದಿಂದ ಗುಣಿಸಿ. ಉದಾಹರಣೆಗೆ, 20 ರೂಪಾಯಿಗೆ 24 ಜನ ಎಂದರೆ 480, 40ಕ್ಕೆ 15 ಜನ ಎಂದರೆ 600, 60ಕ್ಕೆ 6 ಜನ ಎಂದರೆ 360. ಇಲ್ಲಿ ಹೆಚ್ಚು ಹಣ ತರುವ 40 ಸರಿ. ಅದರಲ್ಲಿ ಮರಗಸಿಯ (ನೆರಳಿನ ಮರಗಳ ಕೊಂಬೆ ಸವರುವ) ಕೂಲಿ ಹುಟ್ಟುತ್ತದೆಯೇ ನೋಡಿ.

ಪೊಟ್ಟಣದ ಮೇಲೆ "ಕಾಡುಮರಗಳ ನೆರಳಿನಲ್ಲಿ ಬೆಳೆದದ್ದು" ಎಂದು ಬರೆದು ಮರಗಳ ಹೆಸರು ಹಾಕಿ. ಸಾವಯವ ಪ್ರಮಾಣಪತ್ರ ಇಲ್ಲದೆ ಜೈವಿಕ್ ಭಾರತ್ ಲಾಂಛನ ಹಾಕುವಂತಿಲ್ಲ.