ದೀಪಾವಳಿ ಉಡುಗೊರೆಗೆ ಏಪ್ರಿಲ್ ಬಿಸಿಲೇ ಬೇಕು

ದೀಪಾವಳಿಗೆ ಎರಡು ದಿನ ಇರುವಾಗ ಅಂಗಡಿ ಮುಂದೆ ಕ್ಯೂ ನಿಂತು ಡ್ರೈ ಫ್ರೂಟ್ಸ್ ಬಾಕ್ಸ್ ತರುವವರನ್ನು ನೋಡಿದರೆ ನನಗೆ ಪಾಪ ಅನಿಸುತ್ತದೆ. ಆ ಬಾಕ್ಸನ್ನು ತಿನ್ನುವವರಿಗಿಂತ ದಾಟಿಸುವವರೇ ಜಾಸ್ತಿ. ನಮ್ಮ ಮನೆಗೆ ಬಂದದ್ದು ಅತ್ತಿಗೆ ಮನೆಗೆ, ಅಲ್ಲಿಂದ ಅವರ ಆಫೀಸಿನವರಿಗೆ, ಹೀಗೆ ಊರಿಡೀ ಸುತ್ತುತ್ತದೆ. ನಾನು ಆ ಸಾಲು ಬಿಟ್ಟು ಕೆಲವು ವರ್ಷ ಆಯಿತು. ಈಗ ದೀಪಾವಳಿ, ಕ್ರಿಸ್ಮಸ್ ಎರಡಕ್ಕೂ ಕೊಡುವುದರ ಮುಕ್ಕಾಲು ಪಾಲು, ಮೇ 24ರ ಸುಮಾರಿಗೆ ಬರುವ ತುಳುನಾಡಿನ ಪತ್ತನಾಜೆಯ ಒಳಗೆ ತಯಾರಾಗಿರುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಬ್ಬರಿಗೆ ಖುಷಿಯಿಂದ ಕೊಡಬಹುದಾದದ್ದೆಲ್ಲ ಆಗುವುದು ಬೇಸಿಗೆಯಲ್ಲಿ. ಹಲಸು, ಮಾವು, ಪುನರ್ಪುಳಿ (ಕೋಕಂ), ಗೇರುಬೀಜ, ಎಲ್ಲವೂ. ಹಬ್ಬಗಳು ಬರುವುದು ಮಳೆ ಬಿಟ್ಟ ಮೇಲೆ. ನಡುವಿನ ನಾಲ್ಕು ತಿಂಗಳು ಒಂದು ಟವೆಲ್ ಸಹ ಸರಿಯಾಗಿ ಒಣಗುವುದಿಲ್ಲ, ಇನ್ನು ಹಪ್ಪಳ ಎಲ್ಲಿಂದ? ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನಾನು ಟೆರೇಸಿನ ಚಾಪೆ ಮಡಚುತ್ತೇನೆ.

ಯಾರಿಗೆ ಏನು ಅಂತ ತಲೆ ಕೆಡಿಸಿಕೊಳ್ಳುವ ಕೆಲಸ ಮಾತ್ರ ವರ್ಷವಿಡೀ ನಡೆಯುತ್ತದೆ. ಅದಕ್ಕೆ ಅಡುಗೆಮನೆಯ ಗೋಡೆ ಕ್ಯಾಲೆಂಡರೇ ನನ್ನ ಪುಸ್ತಕ. ಫೋನಿನಲ್ಲಿ ಮಾತಾಡುವಾಗ ಯಾರಾದರೂ ಬಾಯಿ ಬಿಟ್ಟು ಏನಾದರೂ ಹೇಳಿದರೆ ಆ ತಿಂಗಳ ಹಾಳೆಯ ಮೂಲೆಯಲ್ಲಿ ಎರಡು ಶಬ್ದ ಗೀಚಿಡುತ್ತೇನೆ. 'ಮಾವ, ಖಾರ ಬೇಡ.' 'ಅತ್ತಿಗೆ, ಕಾಟನ್.' ಮುಂಬಯಿಯ ಚಿಕ್ಕಮ್ಮನಿಗೆ ಪುನರ್ಪುಳಿ ಕಳಿಸುತ್ತೇನೆ ಅಂದಾಗ ಅವರು ನಕ್ಕೇ ಬಿಟ್ಟರು. "ಇಲ್ಲಿ ಬೀದಿ ಬೀದಿಯಲ್ಲಿ ಕೋಕಂ ಸಿಗ್ತದೆ ಮಾರಾಯ್ತಿ, ಮಾಂಬಳ ಉಂಟಾ ಹೇಳು." ಹಾಗಾಗಿ ಅವರಿಗೆ ಮಾವಿನ ರಸ ಒಣಗಿಸಿದ ಮಾಂಬಳ, ಬೆಂಗಳೂರಿನವರಿಗೆ ಪುನರ್ಪುಳಿ. ಎಲ್ಲರಿಗೂ ಒಂದೇ ಥರದ ಪ್ಯಾಕೆಟ್ ಹಂಚುವುದಾದರೆ ಇಷ್ಟೆಲ್ಲ ಯಾಕೆ, ಅಲ್ವಾ?

ಹೆಚ್ಚು ಸಮಯ ತಿನ್ನುವುದು ಹಲಸಿನ ಹಪ್ಪಳ. ಹಿರಿಯಡ್ಕದ ಹತ್ತಿರ ಅಮ್ಮನ ಮನೆಯಲ್ಲಿ ಮರ ಉಂಟು, ಕಾಯಿಗೆ ದುಡ್ಡು ಕೊಡಬೇಕಾಗಿಲ್ಲ. ಚೆನ್ನಾಗಿ ಬೆಳೆದಿರಬೇಕು, ಹಣ್ಣಾಗಿರಬಾರದು. ಸೊಳೆ ಬಿಡಿಸುವಾಗ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳದಿದ್ದರೆ ಮೇಣ ದಿನವಿಡೀ ಬಿಡುವುದಿಲ್ಲ. ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ನೀರು ಮುಟ್ಟಿಸದೆ ರುಬ್ಬುತ್ತೇವೆ. ಆಮೇಲೆ ಉಂಡೆ ಕಟ್ಟಿ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು, ಮೇಲಿನಿಂದ ಮಣೆ ಒತ್ತುವುದು. ಒತ್ತಲು ಅಮ್ಮ, ಚಾಪೆಯಲ್ಲಿ ಹರಡಲು ನಾನು, ಕಾಗೆ ಓಡಿಸಲು ಮಕ್ಕಳು. ಖಾರ ಹಾಕುವ ಮೊದಲೇ ಮಾವನ ಪಾಲಿನ ಹಿಟ್ಟು ಬೇರೆ ತೆಗೆದಿಡುತ್ತೇನೆ. ಅವರಿಗೆ ಹೊಟ್ಟೆ ಉರಿಯ ತೊಂದರೆ, ಮೆಣಸಿಲ್ಲದ ಹಪ್ಪಳ ಅಂಗಡಿಯಲ್ಲಿ ಕೇಳಿದರೆ ಯಾರು ಕೊಡುತ್ತಾರೆ? ನಿಜ ಹೇಳಬೇಕೆಂದರೆ ಬೆಂಗಳೂರಿನ ಮಂಗಳೂರು ಸ್ಟೋರ್‌ಗಳಲ್ಲಿ ನಮ್ಮ ಊರಿನದೆಲ್ಲ ಸಿಗುತ್ತದೆ. ಆದರೆ ಅವರ ಹೊಟ್ಟೆಗೆ ಸರಿಹೋಗುವ ಹಪ್ಪಳ ಅಲ್ಲಿ ಇಲ್ಲ.

ಬಗ್ಗಿಸಿದರೆ ಪಟ್ ಎಂದು ಮುರಿಯಬೇಕು. ಅಷ್ಟು ಒಣಗದೆ ನಾನು ಡಬ್ಬಿಗೆ ಹಾಕುವುದಿಲ್ಲ. ಹಿಂದೆ ಒಲೆಯ ಮೇಲಿನ ಅಟ್ಟ ಇತ್ತು, ಹೊಗೆಗೆ ಎಲ್ಲವೂ ಬೆಚ್ಚಗಿರುತ್ತಿತ್ತು. ಈಗಿನ ಉಡುಪಿ ಕುಂಜಿಬೆಟ್ಟಿನ ಫ್ಲ್ಯಾಟಿನಲ್ಲಿ ಅಟ್ಟ ಎಲ್ಲಿ ಬರಬೇಕು? ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಮುಚ್ಚಳದ ಸುತ್ತ ಟೇಪು, ನೆಲಕ್ಕೆ ತಾಗದ ಹಾಗೆ ಮರದ ಹಲಗೆ, ಇಷ್ಟೇ. ಮಳೆಗಾಲದಲ್ಲಿ ಸುಮ್ನೆ ಕುತೂಹಲಕ್ಕೆ ತೆರೆದು ನೋಡಬಾರದು. ಆಗಸ್ಟ್-ಸೆಪ್ಟೆಂಬರಿನ ಸೋಣ ತಿಂಗಳಲ್ಲಿ ಒಂದು ಒಳ್ಳೆಯ ಬಿಸಿಲು ಬಿದ್ದ ದಿನ ಹೊರಗೆ ತೆಗೆದು ಕಾಯಿಸಿ, ಆರಿದ ಮೇಲೆ ಇಪ್ಪತ್ತೈದರ ಕಟ್ಟು ಮಾಡಿ ಬಾಳೆ ನಾರಿನಲ್ಲಿ ಕಟ್ಟುತ್ತೇನೆ. ಬಣ್ಣದ ಕಾಗದಕ್ಕೆ ಖರ್ಚು ಇಲ್ಲ, ನೋಡಲಿಕ್ಕೂ ಚಂದ.

ಪುನರ್ಪುಳಿಗೆ ಇಷ್ಟು ಕಷ್ಟ ಇಲ್ಲ. ಸಿಪ್ಪೆ ಬಿಡಿಸಿ ಒಣಗಿಸಿದರೆ ವರ್ಷ ಇಡಬಹುದು. ಬೀಜ ಬಿಸಾಡುವುದಿಲ್ಲ, ಅದರಿಂದ ತುಪ್ಪ ಬರುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರಿನ ಚಳಿಗೆ ಹಿಮ್ಮಡಿ ಒಡೆಯುವವರಿಗೆ ಅದರ ಒಂದು ಸಣ್ಣ ಗಟ್ಟಿ ಕೊಟ್ಟು ನೋಡಿ, ಮುಂದಿನ ವರ್ಷ ಅವರೇ ಕೇಳುತ್ತಾರೆ.

ಬಟ್ಟೆ ಕೊಡಲಿಕ್ಕಿದ್ದರೆ ಆಟಿ ತಿಂಗಳೇ ಸರಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ಮದುವೆ ಇಲ್ಲ, ಅಂಗಡಿಗಳು ರಿಯಾಯಿತಿ ಬೋರ್ಡ್ ಹಾಕುತ್ತವೆ. ಮಕ್ಕಳ ಬಟ್ಟೆ ಆಗಲೇ ತೆಗೆದಿಡುತ್ತೇನೆ, ಒಂದು ಸೈಜ್ ದೊಡ್ಡದು. ಉಡುಪಿ ಸೀರೆಯ ಲೆಕ್ಕ ಬೇರೆ. 2016ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿದ ಕೈಮಗ್ಗದ ಕಾಟನ್ ಸೀರೆ ಅದು, ನೇಯುವವರು ಕಡಿಮೆ. ಹಬ್ಬದ ಮುನ್ನಾದಿನ ಹೋಗಿ ಈ ಬಣ್ಣವೇ ಬೇಕು ಅಂದರೆ ಆಗುವುದಿಲ್ಲ. ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಂಘ ಇದೆ, ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಇದಕ್ಕಾಗಿ ತಿಂಗಳಿಗೆ 500 ರೂಪಾಯಿ ಒಂದು ಕವರಿಗೆ ಹಾಕುತ್ತಾ ಬರುತ್ತೇನೆ, ವರ್ಷಕ್ಕೆ ಒಬ್ಬರಿಗೆ ಮಾತ್ರ ಸೀರೆ. ಕಳೆದ ಸಲ ಅತ್ತಿಗೆಗೆ, ಈ ಸಲ ದೊಡ್ಡಮ್ಮನಿಗೆ.

ಪಕ್ಕದ ಮನೆಯ ಬಾಯಮ್ಮನಿಗೆ ಕೊಡುವ ಕ್ರಿಸ್ಮಸ್ ಉಡುಗೊರೆಯನ್ನು ನಾನು ಅಕ್ಟೋಬರಿನಲ್ಲೇ ಕೊಡುತ್ತೇನೆ. ಡಿಸೆಂಬರ್ 25ಕ್ಕೆ ಅವರ ಮನೆ ತುಂಬ ಕುಸ್ವಾರ್ ಅನ್ನುವ ಕ್ರಿಸ್ಮಸ್ ತಿಂಡಿಗಳು ಇರುತ್ತವೆ, ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕೀಸ್, ಅದರ ಮಧ್ಯೆ ನನ್ನ ಸಿಹಿ ಯಾರಿಗೆ ಬೇಕು? ಆದರೆ ಪ್ಲಮ್ ಕೇಕಿಗೆ ಹಣ್ಣು, ಬೀಜ ಎಲ್ಲ ಅವರು ತಿಂಗಳುಗಟ್ಟಲೆ ಮೊದಲೇ ರಮ್ಮಿನಲ್ಲಿ ನೆನೆ ಹಾಕುತ್ತಾರೆ. ಕಾರ್ಕಳ ಕಡೆ ಗೇರುಬೀಜದ ಕಾರ್ಖಾನೆಗಳು ಜಾಸ್ತಿ, ತುಂಡು ಗೇರುಬೀಜ ಇಡೀ ಬೀಜಕ್ಕಿಂತ ಎಷ್ಟೋ ಅಗ್ಗ. ಕೇಕಿಗೆ ಹೇಗೂ ಕತ್ತರಿಸುವುದೇ. ನೆನೆ ಹಾಕುವ ಮೊದಲು ಒಂದು ಕಿಲೋ ತುಂಡು ಅವರ ಕೈಗೆ ಹೋಗುತ್ತದೆ. "ಈಗ ಕೊಟ್ಟದ್ದು ಒಳ್ಳೆದಾಯ್ತು ನೋಡಿ, ನಾಳೆ ಬಾಟ್ಲಿ ತುಂಬಿಸ್ಬೇಕು ಅಂತಿದ್ದೆ" ಅಂದರು ಹೋದ ವರ್ಷ. ಕ್ರಿಸ್ಮಸ್ ದಿನ ನಮಗೆ ಬರುವ ಕೇಕಿನಲ್ಲಿ ಅದರ ಪಾಲು ಇದ್ದೇ ಇರುತ್ತದೆ, ಅದು ಬೇರೆ ಮಾತು.

ಬೆಂಗಳೂರಿನ ತಮ್ಮನ ಮಕ್ಕಳಿಗೆ ತಿನ್ನುವುದರಲ್ಲಿ ಆಸಕ್ತಿ ಇಲ್ಲ. ಅವರಿಗೆ ಗೂಡುದೀಪದ ಕಟ್ಟು. ಮಂಗಳೂರಿನ ಕುದ್ರೋಳಿಯ ಗೂಡುದೀಪ ಸ್ಪರ್ಧೆ ನೋಡಿದ ಮೇಲೆ ಹೊಳೆದದ್ದು. ಬಿದಿರಿನ ಕಡ್ಡಿಗಳನ್ನು ಅಳತೆಗೆ ಕೊಯ್ದು, ನಯ ಮಾಡಿ, ದಾರ, ಬಣ್ಣದ ಕಾಗದ ಜೊತೆಗೆ ಇಟ್ಟು ಚಪ್ಪಟೆ ಪಾರ್ಸೆಲ್ ಮಾಡಿದರೆ ಒಂದಿಷ್ಟೂ ಜಾಗ ಬೇಡ. ಕಟ್ಟುವುದು ಅವರ ಕೆಲಸ. ಹಬ್ಬಕ್ಕೆ ಒಂದು ವಾರ ಮೊದಲು ತಲುಪಬೇಕು ಅಷ್ಟೇ, ಹಬ್ಬದ ದಿನ ಸಿಕ್ಕಿದರೆ ಏನೂ ಪ್ರಯೋಜನ ಇಲ್ಲ.

ಕಳಿಸುವುದಕ್ಕೆ ಕೊರಿಯರ್ ಕೊನೆಯ ದಾರಿ. ಬೆಂಗಳೂರಿಗೆ ರಾತ್ರಿ ಬಸ್ಸಿನ ಪಾರ್ಸೆಲ್, ಮುಂಬಯಿಗೆ ಮತ್ಸ್ಯಗಂಧ ರೈಲಿನಲ್ಲಿ ಹೋಗುವ ನೆಂಟರು. ಚೌತಿಗೆ ಊರಿಗೆ ಬಂದವರು ವಾಪಸ್ ಹೋಗುವಾಗ ಬ್ಯಾಗಿನಲ್ಲಿ ಜಾಗ ಉಂಟಾ ಅಂತ ಕೇಳುವುದಕ್ಕೆ ನನಗೆ ನಾಚಿಕೆ ಇಲ್ಲ. ದೀಪಾವಳಿಯದು ಚೌತಿಗೇ ತಲುಪಿದರೂ ಹಪ್ಪಳ ಏನೂ ಬೇಸರ ಮಾಡಿಕೊಳ್ಳುವುದಿಲ್ಲ. ಮಿಡಿ ಉಪ್ಪಿನಕಾಯಿ ಮಾತ್ರ ಯಾರ ಬ್ಯಾಗಿಗೂ ತುರುಕುವುದಿಲ್ಲ. ಬೇಕಾದವರು ಊರಿಗೆ ಬಂದು, ಭರಣಿಯಿಂದ ಹಾಕಿಸಿಕೊಂಡು, ಮಡಿಲಲ್ಲಿ ಇಟ್ಟುಕೊಂಡು ಹೋಗಲಿ.